ಆ್ಯಪ್ ಸ್ವೈಪ್ ಮಾಡುವುದು ಬಿಡಿ, ಮೊದಲು ಎರಡನೇ ಸಿಮ್ ನೋಡಿ

ಸರ್, ನಿಮ್ಮ ಪೋಸ್ಟ್ ಓದಿ ಸುಮ್ನೆ ಇರಲು ಆಗಲಿಲ್ಲ. ಗಳಿಗೆಗೊಮ್ಮೆ ರೀಸೆಂಟ್ಸ್ (ಇತ್ತೀಚೆಗೆ ತೆರೆದ ಆ್ಯಪ್‌ಗಳ ಪಟ್ಟಿ) ತೆಗೆದು ಎಲ್ಲಾ ಆ್ಯಪ್ ಸ್ವೈಪ್ ಮಾಡುತ್ತೀರಿ. ಜೊತೆಗೆ ಬ್ಯಾಟರಿ ಉಳಿಸುವ ಕ್ಲೀನರ್ ಆ್ಯಪ್ ಒಂದನ್ನು ಹಾಕಿದ್ದೀರಿ. ಬ್ಲೂಟೂತ್, ಲೊಕೇಶನ್ ಎರಡೂ ಆಫ್. ಆದರೂ ಮಧ್ಯಾಹ್ನಕ್ಕೇ ಚಾರ್ಜರ್ ಹುಡುಕಬೇಕು. ಎರಡನೇ ಸಿಮ್‌ಗೆ ಒಳಗಡೆ ನೆಟ್‌ವರ್ಕ್ ಸಿಗಲ್ಲ ಅಂತ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ನಿಮ್ಮ ತೊಂದರೆಯ ಮೂಲ ಬಹುಪಾಲು ಅಲ್ಲೇ ಇದೆ.

ಮೊದಲು ಸ್ವೈಪ್ ವಿಷಯ, ನಾನೂ ಮಾಡಿ ಬಿಟ್ಟಿದ್ದು ಇದು. ರೀಸೆಂಟ್ಸ್‌ನಲ್ಲಿ ಕಾಣುವ ಆ್ಯಪ್‌ಗಳಲ್ಲಿ ಹೆಚ್ಚಿನವು ಓಡುತ್ತಿರುವುದಿಲ್ಲ. ಫೋನು ಅವನ್ನು ಮೆಮೊರಿಯಲ್ಲಿ ನಿಲ್ಲಿಸಿ ಇಟ್ಟಿರುತ್ತದೆ. ನೀವು ಕೊಂದರೆ ಮುಂದಿನ ಸಲ ಮೊದಲಿಂದ ಲೋಡ್ ಆಗಬೇಕು, ಅದಕ್ಕೇ ಕರೆಂಟ್ ಜಾಸ್ತಿ. 2016ರಲ್ಲಿ ಒಬ್ಬ ಬಳಕೆದಾರರು ಇದನ್ನೇ ಇಮೇಲ್‌ನಲ್ಲಿ ಕೇಳಿದಾಗ ಆ್ಯಪಲ್‌ನ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡರಿಗಿ, ಆ್ಯಪ್ ಮುಚ್ಚುವುದರಿಂದ ಬ್ಯಾಟರಿ ಉಳಿಯುವುದಿಲ್ಲ ಎಂದು ಉತ್ತರಿಸಿದ್ದರು. ಆಂಡ್ರಾಯ್ಡ್‌ನಲ್ಲೂ ಅಷ್ಟೆ. ಸುಮ್ಮನೆ ಇಟ್ಟ ಫೋನಿನಲ್ಲಿ ಆ್ಯಪ್‌ಗಳನ್ನು ತಾನೇ ಮಲಗಿಸುವ ಡೋಜ್ 2015ರ ಆಂಡ್ರಾಯ್ಡ್ 6ರಲ್ಲೇ ಬಂತು, ನೀವು ಕಡಿಮೆ ಬಳಸುವ ಆ್ಯಪ್‌ಗಳಿಗೆ ಕಡಿವಾಣ ಹಾಕುವ ಅಡಾಪ್ಟಿವ್ ಬ್ಯಾಟರಿ 2018ರ ಆಂಡ್ರಾಯ್ಡ್ 9ರಲ್ಲಿ ಬಂತು. ಇನ್ನೂ ಯಾಕೆ ಕೈಯಲ್ಲಿ ಒದ್ದಾಡಬೇಕು? ಹಾಂ, ಮ್ಯಾಪ್ಸ್ ದಾರಿ ತೋರಿಸುತ್ತಾ ಹಾಗೇ ಉಳಿದಿದ್ದರೆ ಅಥವಾ ಯಾವುದೋ ಆ್ಯಪ್ ಹ್ಯಾಂಗ್ ಆಗಿದ್ದರೆ ಮುಚ್ಚಿ, ಅದು ಬೇರೆ ಮಾತು. ಫೋರ್ಸ್ ಸ್ಟಾಪ್ ಮಾತ್ರ ಕಂಡಕಂಡದ್ದಕ್ಕೆ ಒತ್ತಬೇಡಿ. ಆಮೇಲೆ ನೀವಾಗಿ ತೆರೆಯುವವರೆಗೆ ಆ ಆ್ಯಪ್‌ನಿಂದ ನೋಟಿಫಿಕೇಶನ್ ಬರುವುದಿಲ್ಲ.

ಆ ಕ್ಲೀನರ್ ಆ್ಯಪನ್ನು ಇವತ್ತೇ ಅನ್‌ಇನ್‌ಸ್ಟಾಲ್ ಮಾಡಿ. ಅದು ಹಿಂದೆ ಓಡುತ್ತಾ, ಜಾಹೀರಾತು ತೋರಿಸುತ್ತಾ, ಮಿಕ್ಕ ಆ್ಯಪ್‌ಗಳನ್ನು ಕೊಲ್ಲುತ್ತದೆ. ಅವು ಮತ್ತೆ ಎದ್ದು ಬರುತ್ತವೆ. ಇದು ಮತ್ತೆ ಕೊಲ್ಲುತ್ತದೆ. ಬ್ಯಾಟರಿ ಉಳಿಸಲು ಬ್ಯಾಟರಿ ತಿನ್ನುವ ಆ್ಯಪ್ ಬೇಕಾ?

ಈಗ ಸಿಗ್ನಲ್. ಫೋನು ಟವರ್‌ನಿಂದ ದೂರ ಇದ್ದಷ್ಟೂ ಜೋರಾಗಿ ಕೂಗಬೇಕು, ಅಂದರೆ ರೇಡಿಯೊ ಹೆಚ್ಚು ಪವರ್‌ನಲ್ಲಿ ಕಳಿಸಬೇಕು. ಸಿಗ್ನಲ್ ಪೂರ್ತಿ ಹೋದರೆ ಮತ್ತೆ ಮತ್ತೆ ಹುಡುಕುತ್ತಲೇ ಇರುತ್ತದೆ. ನೀವು ಫೋನ್ ಮುಟ್ಟದೆ ಮೇಜಿನ ಮೇಲೆ ಇಟ್ಟಿದ್ದರೂ ಇದು ನಡೆಯುತ್ತದೆ. ಬಳಸದೇ ಬ್ಯಾಟರಿ ಇಳಿಯುತ್ತಿದೆ ಎನ್ನುವವರ ಫೋನ್‌ಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ. ಸೆಟ್ಟಿಂಗ್ಸ್‌ನ ಅಬೌಟ್ ಫೋನ್‌ನಲ್ಲಿ ಸಿಮ್ ಸ್ಟೇಟಸ್ ತೆಗೆಯಿರಿ, ಸಿಗ್ನಲ್ ಸ್ಟ್ರೆಂತ್ ಡಿಬಿಎಂ (dBm) ಎಂಬ ಅಳತೆಯಲ್ಲಿ, ಮೈನಸ್ ಸಂಖ್ಯೆಯಾಗಿ ಇರುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಆರಾಮ. ಮೈನಸ್ 110 ದಾಟಿ 115, 120 ಕಡೆ ಹೋದರೆ ಆ ಸಿಮ್ಮೇ ನಿಮ್ಮ ಚಾರ್ಜ್ ಕುಡಿಯುತ್ತಿದೆ ಅಂತ ತಿಳಿಯಿರಿ. ಐಫೋನ್‌ನವರಿಗೆ ಬ್ಯಾಟರಿ ಪುಟದಲ್ಲೇ ನೋ ಸೆಲ್ ಕವರೇಜ್, ಲೋ ಸಿಗ್ನಲ್ ಅಂತ ಕಾಣಿಸುತ್ತದೆ.

ಮಾಡಬೇಕಾದದ್ದು ಸರಳ. ಸಿಮ್ ಸೆಟ್ಟಿಂಗ್ಸ್‌ಗೆ ಹೋಗಿ ಎರಡನೇ ಸಿಮ್ ಆಫ್ ಮಾಡಿ. ಹೊರಗೆ ತೆಗೆಯಬೇಕಿಲ್ಲ, ಟಾಗಲ್ ಇದೆ. ಅದೇ ನಂಬರ್‌ಗೆ ಓಟಿಪಿ ಬರುತ್ತಿದ್ದರೆ ಬೇಕಾದಾಗ ಆನ್ ಮಾಡಿಕೊಳ್ಳಿ. ಆ ನಂಬರ್‌ಗೆ ಕರೆ ಬರಲೇಬೇಕು ಅನ್ನುವವರು ವೈಫೈ ಕಾಲಿಂಗ್ (ಟವರ್ ಬದಲು ವೈಫೈ ಮೂಲಕ ಕರೆ) ಆನ್ ಮಾಡಿ. ಎರಡೂ ಸಿಮ್ ಒಳಗಡೆ ಸತ್ತಿದ್ದರೆ ಏರ್‌ಪ್ಲೇನ್ ಮೋಡ್ ಹಾಕಿ, ಮೇಲಿಂದ ವೈಫೈ ಆನ್ ಮಾಡಿ. ವೈಫೈ ಕಾಲಿಂಗ್ ಇದ್ದರೆ ಆಗಲೂ ಕರೆ ಬರುತ್ತದೆ. ಆದರೆ ನಿಮ್ಮ ಸಿಮ್ ಕಂಪನಿ, ನಿಮ್ಮ ಫೋನ್ ಎರಡೂ ಅದಕ್ಕೆ ಸಪೋರ್ಟ್ ಮಾಡಬೇಕು. ಇನ್ನೊಬ್ಬರಿಂದ ಒಮ್ಮೆ ಕರೆ ಮಾಡಿಸಿ ನೋಡಿಯೇ ನಂಬಿ.

5ಜಿ ಕೂಡ ಇದೇ ಕಥೆ. ಗಟ್ಟಿಯಾಗಿ ಸಿಕ್ಕರೆ ತೊಂದರೆ ಇಲ್ಲ. ಒಂದು ಕಡ್ಡಿ ಬಂದು ಹೋಗಿ ಮಾಡುವ ಜಾಗದಲ್ಲಿ 4ಜಿಗೂ 5ಜಿಗೂ ಜಿಗಿಯುತ್ತಲೇ ಇರುತ್ತದೆ. ಪ್ರಿಫರ್ಡ್ ನೆಟ್‌ವರ್ಕ್ ಟೈಪ್‌ನಲ್ಲಿ 4ಜಿ ಇಡಿ. ಯೂಟ್ಯೂಬ್ ನೋಡಿ ಗುಪ್ತ ಮೆನುವಿಗೆ ಹೋಗಿ ಎಲ್‌ಟಿಇ ಓನ್ಲಿ (4ಜಿ ಮಾತ್ರ) ಮಾಡಬೇಡಿ. 4ಜಿ ಮೂಲಕವೇ ಕರೆ ಬರುವ ವೋಎಲ್‌ಟಿಇ (VoLTE) ಸೌಲಭ್ಯ ಇಲ್ಲದಿದ್ದರೆ ಕರೆಗಳೇ ಬರುವುದಿಲ್ಲ.

ಬ್ಲೂಟೂತ್ ಆಫ್ ಮಾಡಿ ಉಳಿಯುವುದು ತೀರಾ ಕಡಿಮೆ. ಲೊಕೇಶನ್ ಪೂರ್ತಿ ಆಫ್ ಮಾಡುವ ಬದಲು ಒಂದೊಂದು ಆ್ಯಪ್‌ಗೂ ಬಳಸುವಾಗ ಮಾತ್ರ ಅನುಮತಿ ಕೊಡಿ. ಶಾಪಿಂಗ್ ಆ್ಯಪ್‌ಗೆ ಇಡೀ ದಿನ ನಿಮ್ಮ ಜಾಗ ಯಾಕೆ ಗೊತ್ತಿರಬೇಕು?

ಸ್ಕ್ರೀನ್ ಆನ್ ಇರುವಾಗ ದೊಡ್ಡ ಖರ್ಚು ಬ್ರೈಟ್‌ನೆಸ್. ಡಾರ್ಕ್ ಮೋಡ್ ಹಾಕಿ ಬ್ರೈಟ್‌ನೆಸ್ ಪೂರ್ತಿ ಇಟ್ಟುಕೊಳ್ಳುವವರು ಇದ್ದಾರಲ್ಲ, ಅವರು ಕೇಳಿಸಿಕೊಳ್ಳಿ. ಎಲ್‌ಸಿಡಿ ಪರದೆಯಲ್ಲಿ ಡಾರ್ಕ್ ಮೋಡ್‌ನಿಂದ ಚಾರ್ಜ್ ಉಳಿಯುವುದೇ ಇಲ್ಲ ಅನ್ನಬಹುದು, ಹಿಂದಿನ ಲೈಟ್ ಹೇಗೂ ಉರಿಯುತ್ತದೆ. ಓಎಲ್ಇಡಿ ಪರದೆಯಲ್ಲಿ ಉಳಿಯುತ್ತದೆ, ಅಲ್ಲಿ ಕಪ್ಪು ಭಾಗ ಉರಿಯುವುದೇ ಇಲ್ಲ. ಆದರೆ 2021ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದವರು ಅಳೆದಾಗ, ಬ್ರೈಟ್‌ನೆಸ್ ಶೇ 30ರಿಂದ 50ರಲ್ಲಿ ಇದ್ದರೆ ಉಳಿತಾಯ ಸರಾಸರಿ ಶೇ 3ರಿಂದ 9 ಮಾತ್ರ. ಪೂರ್ತಿ ಬ್ರೈಟ್‌ನೆಸ್‌ನಲ್ಲಿ ಶೇ 39ರಿಂದ 47. ಹಾಗಾಗಿ ಮೊದಲು ಬ್ರೈಟ್‌ನೆಸ್ ಇಳಿಸಿ. ರಿಫ್ರೆಶ್ ರೇಟ್ (ಸೆಕೆಂಡಿಗೆ ಪರದೆ ಎಷ್ಟು ಸಲ ಬದಲಾಗುತ್ತದೆ ಎಂಬುದು) 120 ಹರ್ಟ್ಜ್ ಇದ್ದರೆ 60ಕ್ಕೆ ಇಳಿಸಿ ನೋಡಿ. ಆಲ್ವೇಸ್ ಆನ್ ಡಿಸ್‌ಪ್ಲೇ ಬೇಡ.

ಬ್ಯಾಟರಿಗೆ ಯಾವ ಬ್ರ್ಯಾಂಡ್ ಒಳ್ಳೆಯದು ಅಂತಲೂ ಕೇಳಿದ್ದಿರಿ. ಈ ವಿಷಯದಲ್ಲಿ ನನಗೆ ಸ್ಯಾಮ್‌ಸಂಗ್‌ನ ಡೀಪ್ ಸ್ಲೀಪಿಂಗ್ ಆ್ಯಪ್ಸ್ ಇಷ್ಟ, ಆ ಪಟ್ಟಿಯಲ್ಲಿರುವ ಆ್ಯಪ್ ನೀವು ತೆರೆಯುವವರೆಗೆ ಹಿಂದೆ ಓಡುವುದಿಲ್ಲ. ಅಪರೂಪಕ್ಕೆ ಬಳಸುವುದನ್ನೆಲ್ಲ ಅಲ್ಲಿ ಹಾಕಬಹುದು. ವಾಟ್ಸ್‌ಆ್ಯಪನ್ನೂ ಅಲ್ಲಿ ಹಾಕಿ ಆಮೇಲೆ ಮೆಸೇಜ್ ತಡವಾಗಿ ಬರುತ್ತದೆ ಅಂತ ಕೇಳಬೇಡಿ. ಶವೋಮಿಯಲ್ಲಿ ಆಟೋಸ್ಟಾರ್ಟ್ (ತಾವಾಗೇ ಶುರುವಾಗುವ ಆ್ಯಪ್‌ಗಳ) ಪಟ್ಟಿ ಒಮ್ಮೆ ನೋಡಿ, ಬೇಡದ್ದನ್ನು ಆಫ್ ಮಾಡಿ.

ಕೆಳಗೆ ಕಾಮೆಂಟ್‌ನಲ್ಲಿ ಒಬ್ಬರು ಚಾರ್ಜನ್ನು ಸೊನ್ನೆಗೆ ಇಳಿಸಿ ನೂರಕ್ಕೆ ಏರಿಸಿ ಅಂದಿದ್ದಾರೆ. ದಯವಿಟ್ಟು ಮಾಡಬೇಡಿ. ಅದು ಹಳೆಯ ನಿಕಲ್ ಕ್ಯಾಡ್ಮಿಯಮ್ ಬ್ಯಾಟರಿ ಕಾಲದ ಮಾತು. ಲಿಥಿಯಂ ಬ್ಯಾಟರಿಗೆ ಪೂರ್ತಿ ಖಾಲಿಯೂ ಪೂರ್ತಿ ತುಂಬಿ ಬಿಸಿಯಾಗಿ ಇರುವುದೂ ಎರಡೂ ಕೆಟ್ಟದ್ದು. ಶೇ 80ಕ್ಕೆ ನಿಲ್ಲಿಸುವ ಆಯ್ಕೆ ನಿಮ್ಮ ಫೋನ್‌ನಲ್ಲಿದ್ದರೆ ಆನ್ ಮಾಡಿ, ಐಫೋನ್ 15ರಿಂದ ಅದು ಇದೆ. ಚಾರ್ಜ್ ಮಾಡುತ್ತಾ ಗೇಮ್ ಆಡಬೇಡಿ. 35 ಡಿಗ್ರಿಗಿಂತ ಬಿಸಿಯಾದ ಜಾಗದಲ್ಲಿ ಬಳಸಿದರೆ ಬ್ಯಾಟರಿಗೆ ಶಾಶ್ವತ ಹಾನಿ ಆಗಬಹುದು ಅಂತ ಆ್ಯಪಲ್ಲೇ ಹೇಳುತ್ತದೆ. ಬ್ಯಾಟರಿ ಹೆಲ್ತ್ (ಹೊಸದರ ಸಾಮರ್ಥ್ಯದಲ್ಲಿ ಈಗ ಉಳಿದಿರುವುದು) ಶೇ 80ಕ್ಕಿಂತ ಕೆಳಗೆ ಹೋಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಹುಡುಕಿದರೂ ಪ್ರಯೋಜನ ಕಡಿಮೆ, ಬ್ಯಾಟರಿಯನ್ನೇ ಬದಲಿಸಿ.

ಎರಡನೇ ಸಿಮ್ ಆಫ್ ಮಾಡಿ ಒಂದು ದಿನ ಬಳಸಿ. ಒಂದೇ ಸಲ ಹತ್ತು ಸೆಟ್ಟಿಂಗ್ ಬದಲಿಸಬೇಡಿ, ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಆಮೇಲೂ ಮಧ್ಯಾಹ್ನಕ್ಕೆ ಖಾಲಿ ಆದರೆ ಬ್ಯಾಟರಿ ಯೂಸೇಜ್ ಪುಟದ ಸ್ಕ್ರೀನ್‌ಶಾಟ್ ಇಲ್ಲಿ ಹಾಕಿ. ಬ್ಯಾಕ್‌ಗ್ರೌಂಡ್ ಸಮಯ ಕಾಣುವ ಹಾಗೆ ತೆಗೆಯಿರಿ, ಯಾವ ಆ್ಯಪ್ ಅಂತ ನೋಡಿ ಹೇಳುತ್ತೇನೆ.