ಬಾಲಗೋಪಾಲ ಕುಣಿಯದೆ ಅರ್ಜುನ ಬರುವುದಿಲ್ಲ

ಕುಮಟಾ ತಾಲೂಕಿನ ಹೈಸ್ಕೂಲೊಂದರಲ್ಲಿ ಕಂಪ್ಯೂಟರ್ ಕಲಿಸುವ ಅಕ್ಕೋರೊಬ್ಬರ ಪತ್ರ: "ಈ ವರ್ಷದಿಂದ ಎಂಟನೆಯ ತರಗತಿಯ ಕಿರುಪರೀಕ್ಷೆಗಳನ್ನು ಲ್ಯಾಬಿನಲ್ಲಿ, ಪರದೆಯ ಮೇಲೇ ಮಾಡಬೇಕೆಂದು ನಮ್ಮಲ್ಲಿ ತೀರ್ಮಾನವಾಗಿದೆ. ಮಕ್ಕಳು 46, ಕಂಪ್ಯೂಟರು 12. ಆರು ಕನ್ನಡ ಶಾಲೆಗಳಿಂದ ಬಂದವರು. ಕೆಲವರು ಮೌಸ್ ಮುಟ್ಟಿದವರಲ್ಲ, ಕೆಲವರಿಗೆ ಮೊಬೈಲಿನಲ್ಲಿ ತಿಳಿಯದ್ದೇ ಇಲ್ಲ. ಮೊದಲ ವಾರವೇ ಒಂದು ಪರೀಕ್ಷೆಯಿಟ್ಟು ಬಲ್ಲವರು, ಬಾರದವರು ಎಂದು ಎರಡು ಗುಂಪು ಮಾಡಿಬಿಡೋಣ ಅನಿಸುತ್ತದೆ. ತಾವು ಏನನ್ನುತ್ತೀರಿ?"

ಅಕ್ಕೋರೆ, ನಿಮ್ಮ ಪತ್ರವನ್ನು ಈ ತಿಂಗಳ ಉತ್ತರಕ್ಕೆ ಆರಿಸಿಕೊಂಡದ್ದು ಅದರಲ್ಲಿರುವ ಎರಡು ಅಂಕಿಗಳಿಗಾಗಿ. ಶಿಕ್ಷಣದ ಬಗ್ಗೆ ಬರುವ ಪತ್ರಗಳಲ್ಲಿ ಆದರ್ಶ ಧಾರಾಳ, ಲೆಕ್ಕ ಕಡಿಮೆ. ನೀವು ಲೆಕ್ಕ ಕೊಟ್ಟಿದ್ದೀರಿ, ಉತ್ತರದಲ್ಲೂ ಲೆಕ್ಕ ಇರಬೇಕು. ಆದರೆ ಆ ಎರಡು ಗುಂಪಿನ ಯೋಚನೆಯನ್ನು ದಯವಿಟ್ಟು ಕೈಬಿಡಿ. ಇಷ್ಟು ಸೂಕ್ಷ್ಮವಾಗಿ ಮಕ್ಕಳನ್ನು ಗಮನಿಸಿರುವ ನಿಮ್ಮಿಂದ ಆ ಮಾತು ಬರಬಾರದಿತ್ತು. ಮೊದಲ ವಾರದ ಪರೀಕ್ಷೆ ಅಳೆಯುವುದು ಮನೆಯಲ್ಲಿ ಯಾರ ಬಳಿ ಏನಿತ್ತು ಎಂಬುದನ್ನು. ಮಗುವಿನ ಅಳತೆ ಅದರಲ್ಲಿ ಸಿಗುವುದಿಲ್ಲ.

ಪರದೆಯ ಪರೀಕ್ಷೆಗೆ ಗುಣವಿಲ್ಲವೆಂದಲ್ಲ. ಫಲಿತಾಂಶ ಅದೇ ಸಂಜೆ ಕೈಗೆ ಬರುತ್ತದೆ, ದೃಷ್ಟಿ ಮಂದವಿರುವ ಮಗು ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು. ಅಷ್ಟನ್ನು ಒಪ್ಪೋಣ.

ಈಗ ನಮ್ಮ ಯಕ್ಷಗಾನದ ಆಟವನ್ನೇ ನೆನೆಸಿಕೊಳ್ಳಿ. ಬಡಗುತಿಟ್ಟಿನಲ್ಲಿ ಮೇಳ ಸೇರಿದ ಹುಡುಗನನ್ನು ಮೊದಲ ರಾತ್ರಿಯೇ ಅರ್ಜುನನ ವೇಷಕ್ಕೆ ಇಳಿಸುತ್ತಿರಲಿಲ್ಲ. ಕೋಡಂಗಿ, ಆಮೇಲೆ ಬಾಲಗೋಪಾಲ. ಕತೆಗೆ ಮುಂಚಿನ ಪೂರ್ವರಂಗದಲ್ಲಿ ಕುಣಿದು ಕುಣಿದು ರಂಗಸ್ಥಳದ ಅಳತೆ ಕಾಲಿಗೆ ಹತ್ತಿದ ಮೇಲೆ ಪ್ರಸಂಗದ ಮಾತು. ಕಾಲಮಿತಿಯ ಆಟ ಬಂದ ಮೇಲೆ ಕತ್ತರಿ ಬಿದ್ದದ್ದು ಮೊದಲಿಗೆ ಆ ಪೂರ್ವರಂಗಕ್ಕೇ. ಶಾಲೆಗಳಲ್ಲೂ ಅದೇ ನಡೆದಿದೆ. ಏಳರಿಂದ ಎಂಟಕ್ಕೆ ಬರುವ ಮಗುವಿಗೆ ಪೂರ್ವರಂಗವಿಲ್ಲ, ನೇರ ಪ್ರಸಂಗ.

ಇದರಿಂದ ಎಷ್ಟು ಅಂಕ ಹೋಗುತ್ತದೆ ಎಂದು ಅಳೆದವರಿದ್ದಾರೆ. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದಲ್ಲಿ 2015 ಮತ್ತು 2016ರಲ್ಲಿ ಒಂದೇ ಪರೀಕ್ಷೆಯನ್ನು ಕೆಲವು ಶಾಲೆಗಳು ಕಾಗದದಲ್ಲಿ, ಕೆಲವು ಕಂಪ್ಯೂಟರಿನಲ್ಲಿ ಬರೆಸಿದವು. ಮೊದಲ ವರ್ಷ ಕಂಪ್ಯೂಟರಿನಲ್ಲಿ ಬರೆದವರು ಗಣಿತದಲ್ಲಿ ಹಿಂದೆ ಬಿದ್ದರು, ಭಾಷೆಯಲ್ಲಿ ಇನ್ನೂ ಹಿಂದೆ. ಎರಡನೆಯ ವರ್ಷ ಅಂತರ ಕುಗ್ಗಿತು. ಕುಗ್ಗಿದ ಆ ಭಾಗ ರೂಢಿಯದೇ ಇರಬೇಕು. ಓದಿನದೂ ಅದೇ ಕತೆ. 54 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2018ರ ಒಂದು ವಿಶ್ಲೇಷಣೆಯಲ್ಲಿ, ಮಾಹಿತಿಯ ಗದ್ಯವನ್ನು ಕಾಗದದಲ್ಲಿ ಓದಿದವರಿಗೇ ಹೆಚ್ಚು ಅರ್ಥವಾಗಿತ್ತು. ಸಮಯದ ಒತ್ತಡವಿದ್ದಾಗ ವ್ಯತ್ಯಾಸ ಇನ್ನೂ ಹೆಚ್ಚು. ಹಾಗಾಗಿ ಅರ್ಧ ಪುಟಕ್ಕಿಂತ ಉದ್ದದ ಗದ್ಯಭಾಗವಿದ್ದರೆ ಅದನ್ನು ಅಚ್ಚು ಮಾಡಿ ಕೈಗೆ ಕೊಡಿ. ಪ್ರಶ್ನೆ ಮಾತ್ರ ಪರದೆಯಲ್ಲಿರಲಿ.

ಮೊಬೈಲ್ ಬಲ್ಲ ಮಕ್ಕಳ ಬಗ್ಗೆ ನೀವು ನಿಶ್ಚಿಂತರಾದಂತಿದೆ. ಅಲ್ಲೇ ಮೋಸ ಹೋಗುವುದು. ಅವರಿಗೆ ಬೆರಳು ಸರಿಸಲು ಗೊತ್ತು, ಡಬಲ್ ಕ್ಲಿಕ್ ಗೊತ್ತಿಲ್ಲ. ಮೊಬೈಲು ಎಲ್ಲವನ್ನೂ ತಾನೇ ಉಳಿಸಿಕೊಳ್ಳುವುದರಿಂದ ಫೈಲು, ಫೋಲ್ಡರು, ಸೇವ್ ಎಂಬುದರ ಕಲ್ಪನೆಯೇ ಇರುವುದಿಲ್ಲ. ಮೌಸ್ ಮುಟ್ಟದ ಮಗು ಕೇಳಿ ಕಲಿಯುತ್ತದೆ, ಈ ಮಗು ಕೇಳಲು ನಾಚುತ್ತದೆ. ಆದ್ದರಿಂದ ಜೂನಿನ ಮೊದಲ ನಾಲ್ಕು ಪಿರಿಯಡ್ಡುಗಳಲ್ಲಿ ಎಲ್ಲರಿಗೂ ಒಂದೇ ಐದು ಕೆಲಸ ಕೊಡಿ: ಚಿತ್ರವನ್ನು ಎಳೆದು ಇನ್ನೊಂದು ಕಡೆ ಬಿಡುವುದು, ತನ್ನ ಹೆಸರಿನ ಫೋಲ್ಡರ್ ಮಾಡುವುದು, ಅದರೊಳಗೆ ಫೈಲು ಉಳಿಸಿ ಮರುದಿನ ತೆರೆಯುವುದು, ದೊಡ್ಡಕ್ಷರ ಬೆರೆತ ಪಾಸ್‌ವರ್ಡ್ ಒತ್ತುವುದು, ಒಂದು ಸಾಲು ಕನ್ನಡ ಟೈಪ್ ಮಾಡುವುದು. ಅಂಕ ಬೇಡ. ಮಾಡಿತು, ಸಹಾಯದಿಂದ ಮಾಡಿತು, ಇನ್ನೂ ಇಲ್ಲ ಎಂದು ಒಂದೇ ಹಾಳೆಯಲ್ಲಿ ಗುರುತು ಹಾಕಿ. ಹಾಳೆಯ ನಕಲನ್ನು ಆ ಆರು ಕನ್ನಡ ಶಾಲೆಗಳ ಮಾಸ್ತರು, ಅಕ್ಕೋರುಗಳಿಗೂ ತಲುಪಿಸಿ. ಮುಂದಿನ ವರ್ಷ ಏಳನೆಯ ತರಗತಿ ಮುಗಿಯುವಾಗ ಅವರೇ ತುಂಬಿ ಕಳಿಸಬಹುದು. ಸ್ಯಾಟ್ಸ್ ಎಂಬ ಸರ್ಕಾರಿ ವಿದ್ಯಾರ್ಥಿ ದಾಖಲೆಯ ನಂಬರಿನ ಜೊತೆ ಮಗುವಿನ ಹುಟ್ಟಿದ ದಿನ, ಜಾತಿ ಎಲ್ಲವೂ ಹೈಸ್ಕೂಲಿಗೆ ಬರುತ್ತದೆ. ಕೀಲಿಮಣೆ ಮುಟ್ಟಿದೆಯೇ ಎಂಬುದು ಬರುವುದಿಲ್ಲ.

ಕನ್ನಡ ಟೈಪಿಂಗನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಹೆಚ್ಚು ಅಂಕ ಸೋರುವುದು ಇಲ್ಲಿಂದಲೇ. ನುಡಿ ಎಂಬ ಕೀಲಿಮಣೆ ವಿನ್ಯಾಸದಲ್ಲಿ ಕಲಿತ ಮಗು ‘ಅಕ್ಕ’ ಎಂದು ಬರೆಯಲು ಎ, ಕೆ, ಎಫ್, ಕೆ ಒತ್ತುತ್ತದೆ. ಪರೀಕ್ಷೆಯ ಕಂಪ್ಯೂಟರಿನಲ್ಲಿ ಇನ್‌ಸ್ಕ್ರಿಪ್ಟ್ ಎಂಬ ಬೇರೆ ವಿನ್ಯಾಸವಿದ್ದರೆ ಒತ್ತಕ್ಷರಕ್ಕೆ ಕೊಂಡಿ ಹಾಕುವುದು ಡಿ ಕೀಲಿ, ಎಫ್ ಒತ್ತಿದರೆ ಗುಡಿಸು ಬರುತ್ತದೆ. ಅಕ್ಕ ಹೋಗಿ, ಮುಂದೆ ಒಂಟಿ ಓತ್ವ ಅಂಟಿಕೊಂಡ ‘ಕಿಕ’ ಮೂಡುತ್ತದೆ. ಮಗು ತಾನೇ ತಪ್ಪಿದೆನೆಂದು ಅಳಿಸುತ್ತ ಕೂರುತ್ತದೆ. ಕಲಿಸುವ ವಿನ್ಯಾಸ, ಪರೀಕ್ಷೆಯ ವಿನ್ಯಾಸ ಎರಡೂ ಒಂದೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಹಳೆಯ ನುಡಿ ಫಾಂಟಿನ ಪ್ರಶ್ನೆಪತ್ರಿಕೆಯನ್ನು ನೇರ ಅಂಟಿಸಿದರೆ ಪರದೆಯಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ಇನ್ನು, ಒಂದು ಪದದ ಉತ್ತರವನ್ನು ಯಂತ್ರದಿಂದ ತಿದ್ದಿಸುವುದೇ ಬೇಡ. ‘ಸಾಫ್ಟ್‌ವೇರ್’ ಎಂಬುದರ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂರುತ್ತದೆ. ನಿಮ್ಮ ಉತ್ತರದಲ್ಲಿ ಅದಿದ್ದು ಮಗುವಿನದರಲ್ಲಿ ಇಲ್ಲದಿದ್ದರೆ ಸೊನ್ನೆ. 12 ಎಂದು ನೀವಿಟ್ಟಲ್ಲಿ ಮಗು ೧೨ ಎಂದರೂ ಸೊನ್ನೆ. ಅಂಥ ಉತ್ತರಗಳನ್ನು ನೀವೇ ತಿದ್ದಿ.

ಈಗ 46 ಮತ್ತು 12. ಪರೀಕ್ಷೆಯ ದಿನ ಇಂಟರ್ನೆಟ್ ನೆಚ್ಚಬೇಡಿ. ಪರೀಕ್ಷೆ ನಡೆಸಲು ಉಚಿತವಾಗಿ ಸಿಗುವ ಮೂಡಲ್ ತಂತ್ರಾಂಶವನ್ನು ಒಂದು ಕಂಪ್ಯೂಟರಿನಲ್ಲಿ ಹಾಕಿ ಅದನ್ನೇ ಸರ್ವರ್ ಮಾಡಿ, 16 ಪೋರ್ಟಿನ ನೆಟ್‌ವರ್ಕ್ ಸ್ವಿಚ್ಚಿನಿಂದ ಉಳಿದ 11ಕ್ಕೆ ತಂತಿ ಎಳೆಯಿರಿ. 10ರಲ್ಲಿ ಮಕ್ಕಳು, ಒಂದು ಬಿಡುವಿನದು. ಐದು ತಂಡ ಆಗುತ್ತದೆ. 40 ನಿಮಿಷದ ಪಿರಿಯಡ್ಡಿನಲ್ಲಿ ಕೂತು ಲಾಗಿನ್ ಆಗಲು 8 ನಿಮಿಷ ಹೋಗುತ್ತದೆ, ಪ್ರಶ್ನೆಗಳು 25 ನಿಮಿಷಕ್ಕೆ ಮೀರದಿರಲಿ. ಮೊದಲ ತಂಡ ಹೊರಗೆ ಹೋಗಿ ಪ್ರಶ್ನೆ ಹೇಳಿಯೇ ಹೇಳುತ್ತದೆ. ಅದಕ್ಕೆ ಪ್ರತಿ ಪ್ರಶ್ನೆಗೂ ಸಮಾನ ಕಷ್ಟದ ಮೂರು ರೂಪ ಮೂಡಲ್‌ನ ಪ್ರಶ್ನೆ ಬ್ಯಾಂಕಿನಲ್ಲಿರಬೇಕು. ತಂಡಗಳನ್ನು ಹಾಜರಿ ಪುಸ್ತಕದ ಕ್ರಮದಲ್ಲೇ ಮಾಡಿ, ಜಾಣರ ತಂಡ ಬೇಡ.

ಮೊದಲ ಕಿರುಪರೀಕ್ಷೆ (ಎಫ್‌ಎ) ಬರುವುದು ಮಳೆ ಜೋರಾಗಿರುವ ಹೊತ್ತಿಗೇ. ಮರ ಬಿದ್ದು ಕರೆಂಟು ಹೋಗುತ್ತದೆ, ಮಳೆಯ ರಜೆ ಘೋಷಣೆಯಾದರೆ ಮೂರನೆಯ ತಂಡದ ದಿನ ತಪ್ಪುತ್ತದೆ. ಆ ಮೊದಲ ಪರೀಕ್ಷೆಯೊಂದನ್ನು ಕಾಗದದಲ್ಲಿ ಮಾಡಿಸಲು ಹಟ ಹಿಡಿಯಿರಿ. ಪರದೆಯದು ದೀಪಾವಳಿಯ ಆಚೆಗಿರಲಿ. ಆಗಲೂ ಹಿಂದಿನ ದಿನ ಪ್ರತಿ ಯುಪಿಎಸ್‌ನ ಪ್ಲಗ್ ಕಿತ್ತು, ಕಂಪ್ಯೂಟರು ಮಾನಿಟರು ಎರಡೂ ಓಡುತ್ತಿರುವಾಗ ಗಡಿಯಾರ ನೋಡಿ. ಐದು ನಿಮಿಷ ತಾಳದಿದ್ದರೆ ಬ್ಯಾಟರಿ ಮುಗಿದಿದೆ. 600 ವಿಎ ಯುಪಿಎಸ್‌ನಲ್ಲಿರುವ 12 ವೋಲ್ಟ್, 7 ಎಎಚ್‌ ಬ್ಯಾಟರಿಯ ಆಯುಸ್ಸು ನಮ್ಮ ಸೆಕೆಗೆ ಎರಡು-ಮೂರು ವರ್ಷ. ಆ ನೆಟ್‌ವರ್ಕ್ ಸ್ವಿಚ್ಚನ್ನೂ ಯುಪಿಎಸ್‌ಗೆ ಹಾಕಿ. ಅದನ್ನೇ ಮರೆಯುವುದು, ಆಗ ಕಂಪ್ಯೂಟರುಗಳು ಉರಿಯುತ್ತಿದ್ದರೂ ಉತ್ತರ ಸರ್ವರಿಗೆ ತಲುಪುವುದಿಲ್ಲ. ಮೂಡಲ್ ಸಾಮಾನ್ಯವಾಗಿ 60 ಸೆಕೆಂಡಿಗೊಮ್ಮೆ ಉತ್ತರ ಉಳಿಸುತ್ತದೆ, ಆದರೆ ಕರೆಂಟು ಹೋದರೂ ಅದರ ಸಮಯ ಓಡುತ್ತಲೇ ಇರುತ್ತದೆ. ಕಳೆದ ನಿಮಿಷಗಳನ್ನು ಓವರ್‌ರೈಡ್ ವಿಭಾಗದಲ್ಲಿ ನೀವು ಕೂಡಿಸಬೇಕು, ಅದೂ ಸಮಯ ಮುಗಿಯುವ ಮುಂಚೆ. ಬೇಸಿಗೆ ರಜೆ ಮುಗಿದು ತೆರೆದಾಗ ಯಾವುದಾದರೂ ಕಂಪ್ಯೂಟರು ಹಳೆಯ ತಾರೀಕು ತೋರಿಸಿದರೆ ಒಳಗಿನ ಸಿಆರ್2032 ಬಿಲ್ಲೆ ಬ್ಯಾಟರಿ ಬದಲಿಸಿ. ಬೀಪ್ ಕೂಗಿ ಏಳದಿದ್ದರೆ ಉಪ್ಪುಗಾಳಿಯ ಕಿಲುಬು. ರ‍್ಯಾಮ್ ಬಿಚ್ಚಿ ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೆ ಬಹಳ ಸಲ ಏಳುತ್ತದೆ.

ಇಷ್ಟೆಲ್ಲ ಮಾಡಲು ನಿಮಗೆ ಹೊತ್ತೆಲ್ಲಿ ಎಂಬುದು ನಮಗೂ ಗೊತ್ತು. ಕಂಪ್ಯೂಟರ್ ಅಕ್ಕೋರೆಂದರೆ ಸ್ಯಾಟ್ಸ್ ತುಂಬುವವರು, ವಿದ್ಯಾರ್ಥಿವೇತನದ ಅರ್ಜಿ ಹಾಕುವವರು, ಪ್ರಿಂಟರಿನ ಕಾಗದ ಸಿಕ್ಕಿಕೊಂಡರೆ ಓಡಿಬರುವವರು. ಮಕ್ಕಳು ಸಾಮಾನ್ಯವಾಗಿ ಬರೆಯುವ ಎಸ್ಸೆಸ್ಸೆಲ್ಸಿಯ ಆರು ಪತ್ರಿಕೆಗಳಲ್ಲಿ ಕಂಪ್ಯೂಟರ್ ಇಲ್ಲ, ಹಾಗಾಗಿ ಜನವರಿ ಬಂತೆಂದರೆ ನಿಮ್ಮ ಪಿರಿಯಡ್ಡು ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ಪರೀಕ್ಷೆಯನ್ನೆಲ್ಲ ಪರದೆಗೆ ತರಬೇಕು ಎನ್ನುವವರು ಪರದೆ ಕಲಿಸುವವರ ಗಂಟೆಯನ್ನು ಕಿತ್ತುಕೊಳ್ಳುತ್ತಿದ್ದಾರೆ. ಇದು ಅನ್ಯಾಯ. ಬೆಂಬಲವೆಂದರೆ ಮತ್ತೊಂದು ದಿನದ ತರಬೇತಿ ಶಿಬಿರ, ಪ್ರಮಾಣಪತ್ರ ಎಂದುಕೊಂಡಿದ್ದಾರೆ. ನಿಮಗೆ ಬೇಕಾದದ್ದು ವಾರಕ್ಕೆ ಎರಡು ಖಾಲಿ ಪಿರಿಯಡ್ಡು, ಪರೀಕ್ಷೆಯ ದಿನ ಬಾಗಿಲಲ್ಲಿ ನಿಂತು ಮಕ್ಕಳನ್ನು ಬಿಡುವ ಇನ್ನೊಬ್ಬ ಮಾಸ್ತರು, ಬ್ಯಾಟರಿಗೆ ಹಣ. ಈ ಮೂರನ್ನು ಬರವಣಿಗೆಯಲ್ಲಿ ಹೆಡ್‌ಮಾಸ್ತರರಿಗೆ ಕೊಡಿ. 12 ಯುಪಿಎಸ್‌ ಎಷ್ಟೆಷ್ಟು ನಿಮಿಷ ತಾಳಿದವು ಎಂಬ ಪಟ್ಟಿಯನ್ನೂ ಜೊತೆಗಿಡಿ. ಪಟ್ಟಿ ಕಂಡ ಆಡಳಿತ ಮಂಡಳಿಗೆ ಇಲ್ಲವೆನ್ನುವುದು ಕಷ್ಟ.

ಆ ಐದು ಕೆಲಸದ ಹಾಳೆ ತಯಾರಾದರೆ ನಮಗೂ ಒಂದು ಪ್ರತಿ ಕಳಿಸಿ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಕ್ಕೋರು, ಮಾಸ್ತರುಗಳು ಕತ್ತರಿಸಿ ಇಟ್ಟುಕೊಳ್ಳುವಂತೆ ಇಡೀ ಪುಟದಲ್ಲಿ ಅಚ್ಚು ಮಾಡುತ್ತೇವೆ.

– ಸಂಪಾದಕ