ಅಕ್ಕನ ಮಾತ್ರೆ ನಿಮಗಲ್ಲ

ತಿಪಟೂರಿನಿಂದ ಪತ್ರ ಬರೆದ ಸಹೋದರಿಗೆ ನಮಸ್ಕಾರ.

ನಿಮಗೆ 49 ವರ್ಷ. ಮುಟ್ಟು ನಿಂತು ಒಂದೂವರೆ ವರ್ಷ ಆಯಿತು. ರಾತ್ರಿ ಇದ್ದಕ್ಕಿದ್ದಂತೆ ಮೈ ಕಾದು ರವಿಕೆಯೆಲ್ಲ ಒದ್ದೆಯಾಗುತ್ತದೆ, ನಿದ್ದೆಯೇ ಇಲ್ಲ. ಡಾಕ್ಟರು ಹಾರ್ಮೋನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಓರಗಿತ್ತಿ "ತಗೊಂಡ್ರೆ ಕ್ಯಾನ್ಸರ್ ಗ್ಯಾರಂಟಿ" ಎಂದರಂತೆ. ಗರ್ಭಕೋಶ ತೆಗೆಸಿಕೊಂಡ ಅಕ್ಕ "ನಂಗೇನೂ ಆಗಿಲ್ಲ, ನನ್ನ ಮಾತ್ರೆನೇ ತಗೋ" ಎಂದು ಒಂದು ಸ್ಟ್ರಿಪ್ ಕೊಟ್ಟೇಬಿಟ್ಟಿದ್ದಾರೆ. ಯಾರ ಮಾತು ಕೇಳಲಿ ಎಂದು ಕೇಳಿದ್ದೀರಿ.

ಮೊದಲು ಅಕ್ಕನ ಸ್ಟ್ರಿಪ್ ವಾಪಸ್ ಕೊಡಿ. ಗರ್ಭಕೋಶ ಇಲ್ಲದವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಎಂಬ ಹಾರ್ಮೋನ್ ಒಂದನ್ನೇ ಕೊಡುತ್ತಾರೆ. ನಿಮಗೆ ಗರ್ಭಕೋಶ ಇದೆ. ಬರೀ ಈಸ್ಟ್ರೋಜನ್ ತಗೊಂಡರೆ ಗರ್ಭಕೋಶದ ಒಳಪದರ ಬೆಳೆಯುತ್ತಾ ಹೋಗುತ್ತದೆ, ಅಲ್ಲಿ ಕ್ಯಾನ್ಸರ್ ಆಗುವ ಅಪಾಯ ಜಾಸ್ತಿಯಾಗುತ್ತದೆ. 1975ರಲ್ಲೇ ಅಮೆರಿಕದ ವೈದ್ಯರು ಇದನ್ನು ಗುರುತಿಸಿದ್ದರು. ಅದಕ್ಕೇ ನಿಮ್ಮಂಥವರಿಗೆ ಜೊತೆಯಲ್ಲಿ, ಆ ಪದರ ಬೆಳೆಯದಂತೆ ತಡೆಯುವ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಕೂಡ ಬೇಕು.

ಓರಗಿತ್ತಿಯ ಭಯಕ್ಕೂ ಕಾರಣ ಇದೆ. 'ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್' ಎಂಬ ಅಮೆರಿಕದ ದೊಡ್ಡ ಅಧ್ಯಯನದ ಒಂದು ಭಾಗವನ್ನು 2002ರ ಜುಲೈನಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಅದರಲ್ಲಿ 16,608 ಹೆಂಗಸರಿದ್ದರು. ಸುಮಾರು ಅರ್ಧ ಜನಕ್ಕೆ ಎರಡೂ ಹಾರ್ಮೋನ್, ಉಳಿದವರಿಗೆ ಔಷಧಿಯೇ ಇಲ್ಲದ ಮಾತ್ರೆ. ವರ್ಷಕ್ಕೆ 10,000 ಹೆಂಗಸರ ಲೆಕ್ಕ ಹಿಡಿದರೆ, ಹಾರ್ಮೋನ್ ತಗೊಳ್ಳದವರಲ್ಲಿ 30 ಜನಕ್ಕೆ ಸ್ತನ ಕ್ಯಾನ್ಸರ್ ಬಂತು, ತಗೊಂಡವರಲ್ಲಿ 38 ಜನಕ್ಕೆ. ಪತ್ರಿಕೆಗಳಲ್ಲಿ ಬಂದದ್ದು 'ಶೇ. 26 ಹೆಚ್ಚು' ಎಂದು. ಎರಡೂ ನಿಜವೇ. ನಮ್ಮ ಪತ್ರಿಕಾ ಬಳಗಕ್ಕೆ ಯಾವ ಲೆಕ್ಕ ಇಷ್ಟ ಅಂತ ನಾನು ಬೇರೆ ಹೇಳಬೇಕೇ!

ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು ಕೂಡ ಸ್ವಲ್ಪ ಹೆಚ್ಚಿದವು. ಸೊಂಟದ ಮೂಳೆ ಮುರಿಯುವುದು ಕಡಿಮೆಯಾಯಿತು. ಆದರೆ ಆ ಹೆಂಗಸರ ಸರಾಸರಿ ವಯಸ್ಸು 63. ಎಷ್ಟೋ ಜನಕ್ಕೆ ಮುಟ್ಟು ನಿಂತು ಹತ್ತು ವರ್ಷ ದಾಟಿತ್ತು. ಆಮೇಲೆ ವಯಸ್ಸಿನ ಪ್ರಕಾರ ಬೇರೆ ಬೇರೆ ಮಾಡಿ ನೋಡಿದಾಗ ಚಿತ್ರವೇ ಬದಲಾಯಿತು. 60ರೊಳಗಿನವರಿಗೆ, ಮುಟ್ಟು ನಿಂತು 10 ವರ್ಷ ಆಗದವರಿಗೆ, ಬೇರೆ ತೊಂದರೆ ಇಲ್ಲದಿದ್ದರೆ ಅಪಾಯಕ್ಕಿಂತ ಲಾಭವೇ ಹೆಚ್ಚು ಎಂದು ಈಗ ತಜ್ಞರು ಹೇಳುತ್ತಾರೆ. ಮೈ ಕಾಯುವುದಕ್ಕೆ, ಬೆವರಿಗೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಔಷಧಿ ಇನ್ನೂ ಇಲ್ಲ.

"ಎಲ್ರಿಗೂ ಆಗೋದೇ, ಸಹಿಸ್ಕೋ" ಎಂದ ಯಜಮಾನರಿಗೆ ಒಂದು ಮಾತು. ಹಲ್ಲುನೋವೂ ಎಲ್ಲರಿಗೂ ಬರುತ್ತದೆ, ಅಲ್ವಾ?

ನಾನು ಡಾಕ್ಟರ್ ಅಲ್ಲ, ತಗೊಳ್ಳಿ ಎಂದು ನಾನು ಹೇಳುವಂತಿಲ್ಲ. ಬರೆದುಕೊಟ್ಟವರ ಹತ್ತಿರವೇ ಇನ್ನೊಮ್ಮೆ ಹೋಗಿ. ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಲಿವರ್ ಕಾಯಿಲೆ, ಇವುಗಳಲ್ಲಿ ಯಾವುದಾದರೂ ನಿಮಗೆ ಬಂದಿದ್ದರೆ ಮುಚ್ಚಿಡಬೇಡಿ. ಮನೆಯಲ್ಲಿ ಯಾರಿಗಾದರೂ ಇದ್ದರೂ ಹೇಳಿ. ಈಸ್ಟ್ರೋಜನ್ ಮಾತ್ರೆ ಬದಲು ಚರ್ಮಕ್ಕೆ ಹಚ್ಚುವ ಜೆಲ್ ಆಗುತ್ತದಾ ಎಂದೂ ಕೇಳಿ. ಅದು ಲಿವರ್ ದಾಟಿ ಬರಬೇಕಾಗಿಲ್ಲ, ಹಾಗಾಗಿ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ. ಹಾರ್ಮೋನ್ ಬೇಡವೇ ಬೇಡ ಅನಿಸಿದರೆ ಬೇರೆ ಮಾತ್ರೆಗಳೂ ಇವೆ, ಅಷ್ಟು ಜೋರಾಗಿ ಕೆಲಸ ಮಾಡುವುದಿಲ್ಲ ಅಷ್ಟೇ.

ಒಂದು ವಿಷಯ ನಿಮ್ಮ ಪತ್ರದಲ್ಲಿ ಇರಲಿಲ್ಲ. ಈ ಒಂದೂವರೆ ವರ್ಷದಲ್ಲಿ ಒಮ್ಮೆಯಾದರೂ, ಒಂದು ಹನಿಯಾದರೂ ರಕ್ತ ಕಂಡಿದ್ದರೆ ಮಾತ್ರೆ ಶುರು ಮಾಡುವ ಮೊದಲೇ ಡಾಕ್ಟರಿಗೆ ಹೇಳಿ. ಸ್ಕ್ಯಾನ್ ಮಾಡಿಸಿ, ಕಾರಣ ಗೊತ್ತಾದ ಮೇಲೆಯೇ ಹಾರ್ಮೋನ್ ಮಾತು.

– ಸಂಪಾದಕಿ