ಶನಿವಾರ ತಲೆ, ರವಿವಾರ ಕೊಂಬು

ಕ್ರೋಶಾ ಗೊಂಬೆಗಳ ಬಗ್ಗೆ ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮಸ್ಕಾರ ಅಕ್ಕಾರ. ಬಾಗಿಲ ತೋರಣ, ಕೂಸಿನ ಕುಲಾಯಿ, ಸೀರೆ ಕುಚ್ಚು ಎಲ್ಲಾ ಹಾಕಲು ಬರುತ್ತದೆ. ಗೊಂಬೆ ಮಾತ್ರ ಒಂದೂ ಹಾಕಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ತಂದ ಎತ್ತು ಕೈಜಾರಿ ಬಿದ್ದು ಕೊಂಬು ಮುರಿಯಿತು. ಅಂದಿನಿಂದ ನನ್ನ ಏಳು ವರ್ಷದ ಮಗಳು "ಮುರಿಯದ ಎತ್ತು ಬೇಕು" ಅಂತ ಹಟ ಹಿಡಿದಿದ್ದಾಳೆ. ನನಗೆ ಬಿಡುವು ಇರುವುದು ಶನಿವಾರ, ರವಿವಾರ ಅಷ್ಟೇ. ಎರಡು ದಿನದಲ್ಲಿ ಆಗುತ್ತದೆಯೇ?
— ಜಮಖಂಡಿಯ ಓದುಗರು

ಉತ್ತರ: ಆಗುತ್ತದೆ. ಕುಲಾಯಿ ಬರುತ್ತದೆ ಅಂದಿರಲ್ಲ, ಅಲ್ಲಿಗೆ ಅರ್ಧ ಎತ್ತು ಬಂತು. ಕುಲಾಯಿಯನ್ನು ನೆತ್ತಿಯಿಂದ ಶುರು ಮಾಡಿ, ಸುತ್ತಿನಿಂದ ಸುತ್ತಿಗೆ ಸ್ಟಿಚ್ ಹೆಚ್ಚಿಸಿ, ಆಮೇಲೆ ಹೆಚ್ಚಿಸದೆ ಕೆಳಗೆ ಇಳಿಯುತ್ತೀರಿ. ಗೊಂಬೆಯಲ್ಲಿ ಇನ್ನೊಂದೇ ಕೆಲಸ ಸೇರುತ್ತದೆ: ಸ್ಟಿಚ್ ಕಡಿಮೆ ಮಾಡುತ್ತಾ ಬಾಯಿ ಮುಚ್ಚುವುದು. ಇಂಥ ಗೊಂಬೆಗೆ ಜಪಾನಿನವರು ಅಮಿಗುರುಮಿ ಅನ್ನುತ್ತಾರೆ. ಹೆಣಿಗೆಗೆ ಅವರಲ್ಲಿ 'ಅಮಿ', ಒಳಗೆ ತುಂಬಿದ ಗೊಂಬೆಗೆ 'ನುಯಿಗುರುಮಿ'. ಹೆಸರು ದೊಡ್ಡದು, ಕೆಲಸ ಕುಲಾಯಿಯದೇ.

ಕ್ರೋಶಾ ಕಡ್ಡಿ ಹಿಡಿಯುವ ಮೊದಲು ಮಣ್ಣೆತ್ತನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಅದಕ್ಕೆ ಮೂಗಿನ ಹೊಳ್ಳೆ ಇರುವುದಿಲ್ಲ, ಗೊರಸು ಸೀಳಿರುವುದಿಲ್ಲ. ಎಷ್ಟೋ ಸಲ ಕಣ್ಣೂ ನೆಟ್ಟಗಿರುವುದಿಲ್ಲ. ಆದರೂ ನೋಡಿದವರು ಯಾರೂ ಕತ್ತೆ ಅನ್ನುವುದಿಲ್ಲ. ಕೊಂಬು ಇದೆ, ಹೆಗಲ ಮೇಲೆ ಡುಬ್ಬ ಇದೆ, ಸಾಕು. ಮೊದಲ ಗೊಂಬೆ ಹಾಕುವವರು ಸೋಲುವುದು ಇಲ್ಲೇ. ಮೊಬೈಲಿನಲ್ಲಿ ನೋಡಿದ ಗೊಂಬೆಯ ರೆಪ್ಪೆ, ಉಗುರು, ಕೆನ್ನೆಯ ಕೆಂಪು ಎಲ್ಲಾ ಬೇಕು ಅಂತ ಹೊರಡುತ್ತಾರೆ. ರವಿವಾರ ಸಂಜೆಗೆ ಕೈಯಲ್ಲಿ ಒಂದು ಕಿವಿ ಇರುತ್ತದೆ. ನೀವು ಕೊಂಬು ಮತ್ತು ಡುಬ್ಬದ ಮೇಲೆ ಗಮನ ಇಡಿ.

ಸ್ವೆಟರ್ ಹಾಕುವ ಮಧ್ಯಮ ದಪ್ಪದ ಉಲನ್ ಬಿಳಿಯದು 50 ಗ್ರಾಂ, ಕರಿದು ಸ್ವಲ್ಪ ತನ್ನಿ. (ಅಂಗಡಿಯಲ್ಲಿ ಉಲನ್ ಅಂತ ಕೊಡುವುದು ಬಹುತೇಕ ಅಕ್ರಿಲಿಕ್. ಗೊಂಬೆಗೆ ಅದೇ ಒಳ್ಳೆಯದು, ಚುಚ್ಚುವುದಿಲ್ಲ.) ಕಡ್ಡಿ 3 ಮಿಲಿಮೀಟರಿನದು. ಕುಚ್ಚು ಹಾಕುವ ಸಣ್ಣ ಕಡ್ಡಿ ಬೇಡ, ದಾರ ಸೀಳುತ್ತದೆ.

ಬೆರಳಿಗೆ ದಾರ ಸುತ್ತಿ ಕುಣಿಕೆ ಮಾಡಿ, ಅದರೊಳಗೆ 6 ಸಿಂಗಲ್ (ಸಿಂಗಲ್ ಕ್ರೋಶಾ, ಅಂದರೆ ಗಿಡ್ಡ ಸ್ಟಿಚ್) ಹಾಕಿ ಬಿಗಿಯಾಗಿ ಎಳೆಯಿರಿ. ಇದು ಬಾರದಿದ್ದರೆ 2 ಚೈನ್ ಹಾಕಿ, ಕಡ್ಡಿಯಿಂದ ಎರಡನೇ ಚೈನಿನೊಳಗೇ 6 ಸಿಂಗಲ್ ಹಾಕಿದರೂ ಆಯಿತು. ಸುತ್ತು ಮುಗಿದಾಗ ಸ್ಲಿಪ್ ಸ್ಟಿಚ್ ಹಾಕಿ ಜೋಡಿಸಬೇಡಿ. ಹಾಗೆಯೇ ಸುರುಳಿಯಾಗಿ ಮುಂದೆ ಹೋಗಿ. ಸುರುಳಿಯಲ್ಲಿ ಸುತ್ತಿನ ಶುರು ಎಲ್ಲಿ ಅಂತ ತಿಳಿಯುವುದಿಲ್ಲ, ಅದಕ್ಕೆ ಮೊದಲ ಸ್ಟಿಚ್ಚಿಗೆ ಒಂದು ಪಿನ್ನು ಸಿಕ್ಕಿಸಿ. ಪ್ರತಿ ಸುತ್ತಿಗೂ ಪಿನ್ನು ಮೇಲೆ ಬರಬೇಕು. ಮಾತಾಡುತ್ತಾ ಹಾಕಬಹುದು, ಆದರೆ ಎಣಿಸುವಾಗ ಯಾರು ಕರೆದರೂ ಓಗೊಡಬೇಡಿ.

ತಲೆಯನ್ನು ಮೂತಿಯಿಂದ ಶುರು ಮಾಡಿ. ಮೊದಲ ಸುತ್ತಿಗೆ 6 ಸ್ಟಿಚ್, ಮುಂದಿನ ಸುತ್ತಿಗೆ 12. ಆ 12ರಲ್ಲೇ ಇನ್ನೆರಡು ಸುತ್ತು; ಮೂತಿ ಉದ್ದವಾಯಿತು. ಆಮೇಲೆ 18, ಅದರ ಮೇಲೆ 24. 24ರಲ್ಲಿ ನಾಲ್ಕು ಸುತ್ತು ಸುಮ್ನೆ ಹಾಕಿ. ಈಗ ಇಳಿಸಿ: 18, 12. ಹತ್ತಿ ತುಂಬಿ, 6ಕ್ಕೆ ತಂದು ಸೂಜಿಯಿಂದ ಮುಚ್ಚಿ. ಇಳಿಸುವಾಗ ಒಂದು ಗುಟ್ಟು ಇದೆ. ಪ್ರತಿ ಸ್ಟಿಚ್ಚಿನ ತಲೆಯಲ್ಲಿ ಎರಡು ಎಳೆ ಇರುತ್ತವಲ್ಲ, ಮುಂದಿನ ಎರಡು ಸ್ಟಿಚ್ಚುಗಳ ಎದುರಿನ ಎಳೆಗಳನ್ನು ಮಾತ್ರ ಕಡ್ಡಿಗೆ ತೆಗೆದುಕೊಂಡು ಒಂದೇ ಸಿಂಗಲ್ ಹಾಕಿ. ಗಂಟು ಕಾಣುವುದಿಲ್ಲ, ತೂತೂ ಬೀಳುವುದಿಲ್ಲ.

ಮೈಗೆ 6, 12, 18, 24, 30 ಅಂತ ಹೋಗಿ. 30ರಲ್ಲಿ 12 ಸುತ್ತು. ಆಮೇಲೆ 24, 18, ತುಂಬುವುದು, 12, 6. ಇಷ್ಟು ಶನಿವಾರ ಮುಗಿಸಿ. ರಾತ್ರಿ ಊಟವಾದ ಮೇಲೆ ಕಾಲು ಹಿಡಿಯಿರಿ. ಕರಿ ದಾರದಲ್ಲಿ 6, 9, ಮತ್ತೊಂದು ಸುತ್ತು 9; ಬಿಳಿಗೆ ಬದಲಿಸಿ ಐದು ಸುತ್ತು 9. ಬಣ್ಣ ಬದಲಿಸುವಾಗ ಕರಿಯ ಕೊನೆಯ ಸ್ಟಿಚ್ಚಿನ ಕೊನೇ ಎಳೆತವನ್ನೇ ಬಿಳಿ ದಾರದಿಂದ ಎಳೆಯಬೇಕು, ಇಲ್ಲದಿದ್ದರೆ ಗೊರಸಿನ ಗೆರೆ ಸೊಟ್ಟಗಾಗುತ್ತದೆ. ನಾಲ್ಕು ಕಾಲನ್ನೂ ಒಂದೇ ಸಲ ಕೂತು ಹಾಕಿಬಿಡಿ. ಇವತ್ತಿನ ಕೈ ಬಿಗಿಯೇ ಬೇರೆ, ನಾಳಿನದೇ ಬೇರೆ. ಎರಡು ದಿನಕ್ಕೆ ಹಂಚಿದರೆ ಎತ್ತು ಕುಂಟುತ್ತದೆ.

ರವಿವಾರ ಕೊಂಬು. ನಮ್ಮ ಕಡೆಯ ಖಿಲಾರಿ ಎತ್ತನ್ನು ನೋಡಿದ್ದೀರಲ್ಲ, ಉದ್ದ ಕೊಂಬು, ಹಿಂದಕ್ಕೆ ಬಾಗಿ ಮೇಲಕ್ಕೆ ಏಳುತ್ತದೆ. ಅದನ್ನೇ ಹಿಡಿಯಿರಿ. ಕರಿ ದಾರದಲ್ಲಿ 4, ಮುಂದಿನ ಸುತ್ತಿಗೆ 6, ಆಮೇಲೆ ಏಳೆಂಟು ಸುತ್ತು 6. ಒಳಗೆ ಹತ್ತಿ ಬೇಡ. ಒಂದು ಮಗ್ಗುಲಲ್ಲಿ ಮಾತ್ರ ಸೂಜಿಯಿಂದ ದಾರ ಓಡಿಸಿ ಮೆಲ್ಲಗೆ ಎಳೆದರೆ ಕೊಂಬು ತಾನೇ ಬಾಗುತ್ತದೆ. ಡುಬ್ಬಕ್ಕೆ 6, 12, ಮತ್ತೊಂದು ಸುತ್ತು 12. ಚೂರು ಹತ್ತಿ ಇಟ್ಟು ಹೆಗಲಿಗೆ ಹೊಲಿಯಿರಿ. ಬಾಲಕ್ಕೆ 15 ಚೈನ್, ತುದಿಗೆ ಕುಚ್ಚು. ಕುಚ್ಚು ನಿಮಗೆ ಹೇಳಿಕೊಡಬೇಕಿಲ್ಲ.

ಜೋಡಿಸಲು ಅರ್ಧ ದಿನ ಇಟ್ಟುಕೊಳ್ಳಿ. ಇದನ್ನು ಯಾರೂ ಹೇಳುವುದಿಲ್ಲ. ಹೊಲಿಯುವ ಮೊದಲು ನಾಲ್ಕೂ ಕಾಲನ್ನು ಪಿನ್ನಿನಿಂದ ಸಿಕ್ಕಿಸಿ, ಮೇಜಿನ ಮೇಲೆ ನಿಲ್ಲಿಸಿ ನೋಡಿ. ನಿಂತರೆ ಹೊಲಿಯಿರಿ. ಆಮೇಲೆ ಪಿನ್ನು ಎಣಿಸಿ ತೆಗೆಯಿರಿ, ಒಂದೂ ಒಳಗೆ ಉಳಿಯಬಾರದು. ಮನೆಯಲ್ಲಿ ಗುಳೇದಗುಡ್ಡದ ಖಣದ ತುಂಡು ಉಳಿದಿದ್ದರೆ ಬೆನ್ನಿಗೆ ಜೂಲ ಹೊದಿಸಿ. ಕಾಲು ಹೊಲಿದ ಜಾಗ ಸೊಟ್ಟಗಿದ್ದರೆ ಅದೂ ಮುಚ್ಚುತ್ತದೆ.

ಇನ್ನೊಂದು ಮಾತು. ತೂಕ ಬರಲಿ ಅಂತ ಹೊಟ್ಟೆಗೆ ಕಾಳು ತುಂಬಬೇಡಿ. ನನ್ನ ಮೊದಲ ಆನೆಗೆ ನಾನು ಎರಡು ಹಿಡಿ ಬಿಳಿಜೋಳ ತುಂಬಿದ್ದೆ. ಶ್ರಾವಣದಲ್ಲಿ ಆನೆಯ ಸೊಂಡಿಲಿನಿಂದ ನುಸಿ ಹೊರಗೆ ಬಂದವು.

ಪ್ರಶ್ನೆ: ಲಂಡನ್ನಿನಲ್ಲಿರುವ ತಂಗಿ ಗೊಂಬೆಗಳ ಪುಸ್ತಕ ಕಳಿಸಿದ್ದಾಳೆ. ಅದರಲ್ಲಿ ಬರೆದ ಹಾಗೆ 'ಡಬಲ್ ಕ್ರೋಶಾ' ಹಾಕಿಯೇ ಮೊಲ ಮಾಡಿದೆ. ತಲೆ ಸೋರೆಕಾಯಿಯ ಹಾಗೆ ಉದ್ದವಾಯಿತು, ಸಂದಿಯಿಂದ ಹತ್ತಿ ಇಣುಕುತ್ತಿದೆ. ಪುಸ್ತಕದಲ್ಲಿರುವ ಮೊಲ ಮುದ್ದಾಗಿದೆ, ನನ್ನದು ಬೇರೆಯೇ ಪ್ರಾಣಿ. ಲೆಕ್ಕ ಮೂರು ಸಲ ನೋಡಿದೆ, ಸರಿಯಾಗಿಯೇ ಇದೆ.
— ಬೆಳಗಾವಿಯ ಓದುಗರು

ಉತ್ತರ: ಲೆಕ್ಕ ಸರಿ ಇದೆ, ಹೆಸರು ತಪ್ಪಿದೆ. ಬ್ರಿಟನ್ನಿನವರು ಡಬಲ್ ಕ್ರೋಶಾ ಅನ್ನುವುದನ್ನೇ ಅಮೆರಿಕದವರು ಸಿಂಗಲ್ ಕ್ರೋಶಾ ಅನ್ನುತ್ತಾರೆ. ನಾವು ಇಲ್ಲಿ ಕಲಿಯುವುದು ಹೆಚ್ಚಾಗಿ ಅಮೆರಿಕದ ಹೆಸರು, ಮೊಬೈಲಿನಲ್ಲಿ ಸಿಗುವುದೂ ಜಾಸ್ತಿ ಅದೇ. ನಿಮ್ಮ ಪುಸ್ತಕ ಬ್ರಿಟನ್ನಿನದು. ಅವರು ಕೇಳಿದ್ದು ಗಿಡ್ಡ ಸ್ಟಿಚ್. ನೀವು ಹಾಕಿದ್ದು ಕಡ್ಡಿಗೆ ಮೊದಲೇ ದಾರ ಸುತ್ತಿಕೊಂಡು ಹಾಕುವ ಉದ್ದ ಸ್ಟಿಚ್. ಸೋರೆಕಾಯಿ ಆಗದೆ ಇನ್ನೇನಾಗಬೇಕು?

ಪುಸ್ತಕ ಎಲ್ಲಿಯದು ಅಂತ ಗೊತ್ತಾಗದಿದ್ದರೆ ಒಂದು ಉಪಾಯ ಇದೆ. ಅದರಲ್ಲಿ 'ಸಿಂಗಲ್ ಕ್ರೋಶಾ' ಅನ್ನುವ ಮಾತು ಎಲ್ಲಾದರೂ ಇದೆಯಾ ಹುಡುಕಿ. ಇದ್ದರೆ ಅಮೆರಿಕದ್ದು. ಬ್ರಿಟನ್ನಿನ ಈಗಿನ ಪುಸ್ತಕಗಳಲ್ಲಿ ಆ ಹೆಸರು ಬರುವುದಿಲ್ಲ.

ಮೊಲ ಬಿಚ್ಚಿ ಮತ್ತೆ ಹಾಕುವಾಗ ಕಡ್ಡಿಯನ್ನೂ ಬದಲಿಸಿ. ಉಲನ್ ಉಂಡೆಯ ಚೀಟಿಯ ಮೇಲೆ ಕಡ್ಡಿ 4 ಮಿಲಿಮೀಟರ್ ಅಂತ ಬರೆದಿದ್ದರೆ ಅದು ಸ್ವೆಟರಿಗೆ, ಶಾಲಿಗೆ. ಗೊಂಬೆಗೆ ಅದಕ್ಕಿಂತ ಒಂದು ಮಿಲಿಮೀಟರ್ ಸಣ್ಣದು ಬೇಕು. ಬೆರಳು ಸ್ವಲ್ಪ ನೋಯುತ್ತದೆ, ನಿಜ. ಬಟ್ಟೆ ಗಟ್ಟಿಯಾಗಿ ಬಂದರೆ ಹತ್ತಿ ಹೊರಗೆ ನೋಡುವುದಿಲ್ಲ.

ನೀವು ಕೇಳದಿದ್ದರೂ ಹೇಳುತ್ತೇನೆ, ಒಳಹೊರಗು ನೋಡಿಕೊಳ್ಳಿ. ಸರಿಯಾದ ಮಗ್ಗುಲಲ್ಲಿ ಸಾಲು ಸಾಲಾಗಿ ಹಕ್ಕಿಯ ಹೆಜ್ಜೆಯಂಥ ಗುರುತು ಕಾಣುತ್ತದೆ. ಒಳಮಗ್ಗುಲಲ್ಲಿ ಅಡ್ಡಗೆರೆ. ಹೊಸಬರ ಕೈಯಲ್ಲಿ ಗೊಂಬೆ ತಾನಾಗಿಯೇ ಒಳಗೆ ಮಗುಚಿಕೊಳ್ಳುತ್ತದೆ. ಅರ್ಧ ಆದಾಗ, ಅಂದರೆ ತಲೆ ಗೋಳಗುಮ್ಮಟದ ಆಕಾರಕ್ಕೆ ಬಂದಾಗ, ಒಮ್ಮೆ ತಿರುಗಿಸಿ ಸರಿ ಮಾಡಿ. ಮುಚ್ಚಿದ ಮೇಲೆ ಬರುವುದಿಲ್ಲ.

ಪ್ರಶ್ನೆ: ನಮ್ಮೂರಿನ ಹೆಸರಿನ ನಾಯಿಯನ್ನೇ ಕ್ರೋಶಾದಲ್ಲಿ ಮಾಡಬೇಕು ಅಂತ ಆಸೆ. ಎರಡು ಸಲ ಮಾಡಿದೆ. ಒಂದು ಹಂದಿಮರಿಯ ಹಾಗೆ ಆಯಿತು. ಇನ್ನೊಂದು ಸಣ್ಣ ಕಾಲಿನ ಮೇಲೆ ನಿಲ್ಲಲೇ ಇಲ್ಲ, ಮುಗ್ಗರಿಸಿ ಬೀಳುತ್ತದೆ.
— ಮುಧೋಳದ ಓದುಗರು

ಉತ್ತರ: ಕಷ್ಟದ ನಾಯಿಯನ್ನೇ ಆರಿಸಿದ್ದೀರಿ. ಗುಂಡಗಿನ ಪ್ರಾಣಿಗೆ ಕ್ರೋಶಾ ಒಗ್ಗುತ್ತದೆ, ಬೆಕ್ಕು, ಕರಡಿ, ಕೋಳಿಮರಿ. ಮುಧೋಳ ನಾಯಿಯಲ್ಲಿ ಗುಂಡಗಿರುವುದು ಒಂದೂ ಇಲ್ಲ. ಉದ್ದ ಮೂತಿ, ಆಳದ ಎದೆ, ಒಳಗೆ ಸೇದಿಕೊಂಡ ಹೊಟ್ಟೆ, ಕಡ್ಡಿಯಂಥ ಕಾಲು.

ಆದರೂ ಅದರ ಗುರುತು ಇರುವುದು ಹೊಟ್ಟೆಯಲ್ಲೇ. ಸುತ್ತೆಲ್ಲಾ ಸಮನಾಗಿ ಸ್ಟಿಚ್ ಇಳಿಸಿದರೆ ಸೀಸೆಯ ಕುತ್ತಿಗೆ ಆಗುತ್ತದೆ, ನಾಯಿಯ ಸೊಂಟ ಆಗುವುದಿಲ್ಲ. ಬೆನ್ನು ನೇರ ಇರಬೇಕು, ಹೊಟ್ಟೆ ಮಾತ್ರ ಮೇಲೆ ಹೋಗಬೇಕು. ಹಾಗಾಗಿ ಎದೆಗೆ 24 ಸ್ಟಿಚ್ ಇಟ್ಟುಕೊಂಡು ನಾಲ್ಕೈದು ಸುತ್ತು ಹಾಕಿ. ಆಮೇಲೆ ಪ್ರತಿ ಸುತ್ತಿಗೆ ಮೂರು ಸ್ಟಿಚ್ ಇಳಿಸಿ: 21, 18, 15. ಇಳಿಸುವ ಮೂರನ್ನೂ ಹೊಟ್ಟೆಯ ಕಡೆಗೇ ಇಳಿಸಿ, ಬೆನ್ನಿನ ಕಡೆ ಮುಟ್ಟಬೇಡಿ. ಸೊಂಟದ ಹತ್ತಿರ ಎರಡು ಸುತ್ತು 15 ಇರಲಿ, ಹಿಂಗಾಲಿನ ಹತ್ತಿರ ಮತ್ತೆ 18. ಎದೆಗೆ ಗಟ್ಟಿಯಾಗಿ ತುಂಬಿ, ಸೊಂಟಕ್ಕೆ ತೆಳುವಾಗಿ. ಹಂದಿಮರಿ ಆಗುವುದು ಅಲ್ಲಿ ಜಾಸ್ತಿ ತುಂಬಿದಾಗ.

ನಿಲ್ಲಿಸುವ ಆಸೆ ಬಿಟ್ಟುಬಿಡಿ ಅನ್ನುತ್ತೇನೆ ನಾನು. ತಂತಿ ಹಾಕಿದರೆ ನಿಲ್ಲುತ್ತದೆ. ಆದರೆ ಶೋಕೇಸಿಗೆ ಮಾತ್ರ, ಮಕ್ಕಳ ಕೈಗೆ ಅಲ್ಲ. ಎಷ್ಟು ಸುತ್ತಿದರೂ ತಂತಿಯ ತುದಿ ಒಂದು ದಿನ ಹೊರಗೆ ಬರುತ್ತದೆ. ಮುಂಗಾಲು ಚಾಚಿ ಮಲಗಿದ ನಾಯಿ ಮಾಡಿ. ಬೀಳುವ ಮಾತೇ ಇಲ್ಲ, ಉದ್ದ ಕಾಲಿನ ಅಂದವೂ ಕಾಣುತ್ತದೆ. 2005ರಲ್ಲಿ ಅಂಚೆ ಇಲಾಖೆ ನಮ್ಮ ದೇಶದ ನಾಯಿಗಳ ಅಂಚೆಚೀಟಿ ತಂದಾಗ ಮುಧೋಳ ನಾಯಿಯೂ ಅದರಲ್ಲಿತ್ತು. ಅದರ ಚಿತ್ರ ಸಿಕ್ಕರೆ ಎದುರಿಗೆ ಇಟ್ಟುಕೊಳ್ಳಿ. ಮುಧೋಳದಲ್ಲಿರುವ ನಿಮಗೆ ಚಿತ್ರ ಯಾಕೆ, ಅಲ್ವಾ? ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರ ಪಕ್ಕದಲ್ಲೇ ಇದೆ. ನಾಯಿ ಮಲಗಿದಾಗ ಬೆನ್ನಿನ ಗೆರೆ ಹೇಗೆ ಹೋಗುತ್ತದೆ ಅಂತ ಕಣ್ಣಾರೆ ನೋಡಿ.

ಪ್ರಶ್ನೆ: ಎಂಟು ತಿಂಗಳ ಮೊಮ್ಮಗನಿಗೆ ಕೋಳಿಮರಿ ಹಾಕಿದ್ದೇನೆ. ಹಿಂದೆ ನಾವು ಮಣ್ಣಿನ ಗೊಂಬೆಗೆ ಗುಲಗಂಜಿ ಕಣ್ಣು ಇಡುತ್ತಿದ್ದೆವು. ಇದಕ್ಕೂ ಗುಲಗಂಜಿ ಪೋಣಿಸಿ ಹೊಲಿಯಲೇ? ಸೊಸೆ ಬೇಡ ಅನ್ನುತ್ತಾಳೆ. ಒಳಗೆ ಯಾವ ಹತ್ತಿ ತುಂಬಬೇಕು?
— ವಿಜಯಪುರದ ಓದುಗರು

ಉತ್ತರ: ಸೊಸೆಯ ಮಾತು ಕೇಳಿ. ಗುಲಗಂಜಿ ನೋಡಲು ಎಷ್ಟು ಚೆಂದವೋ ಒಳಗೆ ಅಷ್ಟೇ ವಿಷ. ಮೇಲಿನ ಸಿಪ್ಪೆ ಗಟ್ಟಿ, ಹಾಗಾಗಿ ಇಡಿಯಾಗಿದ್ದಾಗ ವಿಷ ಸುಲಭವಾಗಿ ಹೊರಗೆ ಬರುವುದಿಲ್ಲ. ನೀವು ಸೂಜಿಯಿಂದ ತೂತು ಮಾಡಿದ ಕೂಡಲೇ ಆ ಕಾವಲು ಹೋಯಿತು. ಎಂಟು ತಿಂಗಳ ಕೂಸು ಕೈಗೆ ಸಿಕ್ಕಿದ್ದನ್ನೆಲ್ಲಾ ಬಾಯಿಗೆ ಹಾಕುತ್ತದೆ.

ಗುಂಡಿ, ಮಣಿ, ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕಣ್ಣು ಇವೂ ಮೂರು ವರ್ಷ ತುಂಬುವ ತನಕ ಬೇಡ. ಹಿಂದಿನಿಂದ ಬಿಲ್ಲೆ ಒತ್ತಿ ಕೂರಿಸುವ ಕಣ್ಣಿಗೆ 'ಸೇಫ್ಟಿ' ಅಂತ ಹೆಸರಿದೆ, ಆದರೆ ಕೂಸು ಜಗ್ಗಿ ಜಗ್ಗಿ ದಾರ ಸಡಿಲಾದರೆ ಅದೂ ಕಿತ್ತು ಬರುತ್ತದೆ. ಕರಿ ದಾರದಿಂದ ಕಣ್ಣು ಹೊಲಿದುಬಿಡಿ. ಕೌದಿ ಹಾಕಿದ ಕೈಗೆ ಅದೇನು ಮಹಾ!

ತುಂಬಲು ಗಾದಿ ಅಂಗಡಿಯಲ್ಲಿ ದಿಂಬಿಗೆ ಹಾಕುವ ಫೈಬರ್ ಕೇಳಿ. ಹಿಂಜಿದ ಹತ್ತಿಯೂ ಆಗುತ್ತದೆ, ಆದರೆ ತೊಳೆದರೆ ಗಡ್ಡೆ ಕಟ್ಟುತ್ತದೆ, ಒಣಗಲು ಮೂರು ದಿನ ಬೇಕು. ವಿಜಯಪುರದ ಬಿಸಿಲಿಗೆ ನಡೆಯುತ್ತದೆ. ಬೆಳಗಾವಿ, ಖಾನಾಪುರದ ಮಳೆಗೆ ಬೂಸಲು ಹಿಡಿಯುತ್ತದೆ. ತೊಳೆಯುವುದು ತಣ್ಣೀರಿನಲ್ಲಿ, ಹಿಂಡದೆ, ಟವೆಲ್ಲಿನಲ್ಲಿ ಒತ್ತಿ ನೀರು ತೆಗೆಯಿರಿ. ಇಸ್ತ್ರಿ ಬೇಡ, ಅಕ್ರಿಲಿಕ್ ಕರಗುತ್ತದೆ.

ಪ್ರಶ್ನೆ: ನಾನು ಹಾಕಿದ ಎತ್ತು ನೋಡಿ ಓಣಿಯವರು "150 ರೂಪಾಯಿಗೆ ಒಂದು ಮಾಡಿಕೊಡ್ರಿ" ಅನ್ನುತ್ತಾರೆ. ಕೊಡಬೇಕೇ?
— ಇಳಕಲ್ಲಿನ ಓದುಗರು

ಉತ್ತರ: ದಾರ, ಫೈಬರಿಗೆ 60 ಹೋಯಿತು ಅಂದುಕೊಳ್ಳಿ. ಉಳಿದದ್ದು 90. ಹತ್ತು ಗಂಟೆ ಕೂತಿದ್ದರೆ ಗಂಟೆಗೆ 9 ರೂಪಾಯಿ. ಬೇಡ ಅನ್ನಿ. ಹಾಗೆ ಅನ್ನಲು ಸಂಕೋಚವಾದರೆ ಎತ್ತಿನ ತಲೆ ಮಾತ್ರ ಹಾಕಿ, ಕೊಂಬು ಹೊಲಿದು, ಕೀ ಉಂಗುರ ಸಿಕ್ಕಿಸಿ ಕೊಡಿ. ಕೈ ಪಳಗಿದ ಮೇಲೆ ಒಂದೂವರೆ ಗಂಟೆಯ ಕೆಲಸ. ಅದಕ್ಕೆ 150 ಸರಿಯಾಗಿದೆ. ಇಡೀ ಎತ್ತೇ ಬೇಕು ಅನ್ನುವವರಿಗೆ ಒಂದು ಕಡ್ಡಿ ಕೊಟ್ಟು ಶನಿವಾರ ಮನೆಗೆ ಬರಲು ಹೇಳಿ.